ಬ್ಯಾಗಿನಲ್ಲಿದ್ದ ಕೋಲು

ನೀರಿನ ಬಾಟಲಿಗೆಂದು ಬ್ಯಾಗಿನೊಳಗೆ ತಡಕಾಡಿದ ಫ್ರೀಡಾಳ ಬೆರಳಿಗೆ ಕೋಲು ತಾಗಿತು. ಗೀಟು ಕೊರೆದ, ಮೊಳದುದ್ದದ ಮರದ ಕೋಲು. ವಿಮಾನದ ರೆಕ್ಕೆಯ ಮೇಲಿನ ಮುಚ್ಚಳ ತೆಗೆದು, ಟ್ಯಾಂಕಿಗೆ ಅದ್ದಿ, ಪೆಟ್ರೋಲು ಎಷ್ಟಿದೆಯೆಂದು ನೋಡುವುದಕ್ಕೆ ಇರುವಂಥದು. ಅದು ಈ ಆಕಾಶದಲ್ಲಿ ತನ್ನ ಬ್ಯಾಗಿನೊಳಗೆ ಯಾಕಿದೆ ಎಂದು ಅವಳಿಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದಾಗ ಬಾಯಾರಿಕೆ ಮರೆತುಹೋಯಿತು.

ಪಕ್ಕದಲ್ಲಿ ಗಂಡ ಡೋಲ್ಫಿ ಭಾರಿ ಹುರುಪಿನಲ್ಲಿದ್ದ. ಗಲ್ಫಿನ ಕಾರು ಶೋರೂಮೊಂದರಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿಕೊಂಡಿದ್ದ ಈ ಮನುಷ್ಯ ನಡುವಯಸ್ಸಿನಲ್ಲಿ ಹಾರುವ ಹುಚ್ಚು ಹಿಡಿಸಿಕೊಂಡು ಲೈಸೆನ್ಸು ಪಡೆದಿದ್ದ. ಹೆಂಡತಿಯನ್ನು ಕೂರಿಸಿಕೊಂಡದ್ದು ಇವತ್ತೇ ಮೊದಲು. ಫಿಂಟಾಸ್ ಬಡಾವಣೆಯಲ್ಲಿರುವ ತಮ್ಮ ಫ್ಲ್ಯಾಟು ಮೇಲಿನಿಂದ ಗುರುತು ಸಿಗಲೆಂದು ಫ್ರೀಡಾ ಬಾಲ್ಕನಿಯಲ್ಲಿ ಕೆಂಪು ಬೆಡ್‌ಶೀಟು ಇಳಿಬಿಟ್ಟು ಬಂದಿದ್ದಳು. ಅದು ಕಾಣುವವರೆಗೂ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಹಟ ಹಿಡಿದವಳೂ ಅವಳೇ. ಈಗ ಮರುಭೂಮಿಯಲ್ಲಿರುವ ಫ್ಲೈಯಿಂಗ್ ಕ್ಲಬ್ಬಿಗೆ ಮರಳುತ್ತಿದ್ದರು.

ಬೆಳಿಗ್ಗೆ ಹೊರಡುವ ಮುಂಚೆ ಡೋಲ್ಫಿ ಏಣಿ ಹತ್ತಿ ಮುಚ್ಚಳವನ್ನೇನೋ ತೆಗೆದಿದ್ದ. ಅಷ್ಟರಲ್ಲಿ ಊರಿನಿಂದ, ಕಿನ್ನಿಗೋಳಿಯಿಂದ, ಅವನ ತಾಯಿ ಮೊಲ್ಲಿಬಾಯಿಯ ವಿಡಿಯೋ ಕಾಲ್ ಬಂತು. ಹಿರಿಯರ ಮುಂದೆ ಮಂಡಿಯೂರಿ ಬೆಸಾಂವ್ ಬೇಡದೆ, ಅವರ ಆಶೀರ್ವಾದ ಪಡೆಯದೆ, ಆ ಮನೆಯವರು ದೂರದ ದಾರಿ ಹಿಡಿದದ್ದೇ ಇಲ್ಲ. ಡೋಲ್ಫಿ ಕೋಲನ್ನು ಹೆಂಡತಿಯ ಕೈಗಿತ್ತು, ಇಳಿದು, ಡಾಂಬರಿನ ಮೇಲೆ ಮಂಡಿಯೂರಿ ಫೋನಿಗೆ ತಲೆಬಾಗಿದ. ಮುದುಕಿ ಅಲ್ಲಿಂದಲೇ ಕೈ ಚಾಚಿದರು; ಪರದೆ ತುಂಬ ಬರೀ ಅಂಗೈ. ಫ್ರೀಡಾಳ ಕಣ್ಣು ಒದ್ದೆಯಾಯಿತು; ಒರೆಸಿಕೊಳ್ಳಲೆಂದು ಕೋಲನ್ನು ಬ್ಯಾಗಿಗೆ ತುರುಕಿದಳು. ಎದ್ದವನು ಸೀದಾ ಹತ್ತಿ ಮುಚ್ಚಳ ಹಾಕಿದ್ದ.

"ಡೋಲ್ಫಿ, ಕೋಲು ಹಾಕಿ ನೋಡಿದ್ದಿಯಲ್ಲ?"

ನೋಡದೆ ಇರುತ್ತೇನೆಯೇ ಎಂದು ಅವನು ನಕ್ಕ. ಅವಳು ಕೋಲನ್ನು ತೆಗೆದು ತನ್ನ ಮಡಿಲ ಮೇಲಿಟ್ಟಳು. ಡೋಲ್ಫಿ ಅದನ್ನು ನೋಡಿದ, ಆಮೇಲೆ ಗೇಜನ್ನು ನೋಡಿದ. ಮುಳ್ಳು ಅರ್ಧದಲ್ಲಿತ್ತು. ಟ್ಯಾಂಕು ಬರಿದಾದರೂ ಈ ಮುಳ್ಳು ಅರ್ಧವನ್ನೇ ತೋರಿಸುತ್ತದೆ, ಅದಕ್ಕೇ ಕೋಲು ಎಂದು ಅವನೇ ಅವಳಿಗೆ ಪಾಠ ಹೇಳಿದ್ದ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿತು.

ದಾರಿಯಲ್ಲಿ ಸುಲೈಬಿಯಾದ ತೋಟಗಳು ಕಂಡ ಹೊತ್ತಿಗೆ ಎಂಜಿನ್ನು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಮುಂದಿನ ಫ್ಯಾನು ಕಣ್ಣೆದುರೇ ನಿಂತುಬಿಟ್ಟಿತು. ಗಾಳಿಯ ಸುಂಯ್ಯೆನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಸಾಯುತ್ತೇನೆ ಎಂದು ಫ್ರೀಡಾಳಿಗೆ ಖಚಿತವಾಯಿತು. ಬಾಲ್ಕನಿಯ ಬೆಡ್‌ಶೀಟನ್ನು ಇನ್ನು ಯಾರು ಒಳಗೆ ತೆಗೆಯುತ್ತಾರೆ ಎಂಬುದೊಂದೇ ಯೋಚನೆ ಬಂತು. ಚಿಕ್ಕಂದಿನಿಂದ ಬಾಯಿಪಾಠವಿದ್ದ ಪ್ರಾರ್ಥನೆಯ ಎರಡನೆಯ ಸಾಲೇ ನೆನಪಾಗಲಿಲ್ಲ.

ಡೋಲ್ಫಿ ರೇಡಿಯೋದಲ್ಲಿ ಏನೋ ಹೇಳಿ ಮುಗಿಸಿದ. ಅವನ ದನಿ ಕೀರಲಾಗಿತ್ತು.

"ಬೆಲ್ಟು ಬಿಗಿ ಮಾಡು ಫ್ರೀಡಾ. ತಲೆ ಬಗ್ಗಿಸು. ನನ್ನ ಕೈ ಮಾತ್ರ ಹಿಡೀಬೇಡ."

ಪ್ಲಾಸ್ಟಿಕ್ ಹೊದಿಸಿದ ತೋಟಗಳು ಏರಿ ಏರಿ ಬಂದವು. ಕೊನೆಯ ಬೇಲಿ ಚಕ್ರಕ್ಕೆ ತಾಗಿಯೇಬಿಟ್ಟಿತು ಅನ್ನುವಷ್ಟು ಹತ್ತಿರದಲ್ಲಿ ಹಿಂದೆ ಸರಿಯಿತು. ನೆಲ ಬಡಿಯಿತು, ವಿಮಾನ ಪುಟಿದು ಮತ್ತೆ ಬಡಿಯಿತು. ಫ್ರೀಡಾ ನಾಲಗೆ ಕಚ್ಚಿಕೊಂಡಳು. ಧೂಳು ಕವಿಯಿತು. ಎಲ್ಲ ನಿಂತ ಮೇಲೂ ಅವಳು ಸ್ವಲ್ಪ ಹೊತ್ತು ತಲೆಯೆತ್ತಲಿಲ್ಲ.

ಇಬ್ಬರೂ ಹೊರಗೆ ಬಂದು ಮರಳಿನಲ್ಲಿ ನಿಂತರು. ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಫ್ರೀಡಾ ಎತ್ತಿದಳು. ಕೆಳಗೆ ಇಳಿದಿರಾ ಎಂದು ಮೊಲ್ಲಿಬಾಯಿ ಕೇಳಿದರು.

"ಇಳಿದೆವು ಮಾಂಯ್."

"ನಂಗೆ ಗೊತ್ತುಂಟು. ನನ್ನ ಬೆಸಾಂವ್ ಇರುವಾಗ ನಿಮ್ಗೆ ಎಂತ ಆಗ್ತದೆ?"

ಬಾಯಲ್ಲಿ ರಕ್ತದ ರುಚಿ ಇತ್ತು. ಹೌದು ಮಾಂಯ್ ಎಂದು ಫ್ರೀಡಾ ಫೋನಿಟ್ಟಳು.

ಡೋಲ್ಫಿ ಅವಳತ್ತ ಕೈ ಚಾಚಿದ. ಅವಳು ಕೋಲು ಕೊಟ್ಟಳು. ಅವನು ರೆಕ್ಕೆಯ ಆಸರೆಯ ಕಂಬಿಗೆ ಕಾಲು ಕೊಟ್ಟು ಹತ್ತಿ, ಮುಚ್ಚಳ ತೆಗೆದು, ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ ಮೇಲಕ್ಕೆತ್ತಿದ. ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ, ಯಾವಾಗಲೂ ಮಾಡುವಂತೆ, ಆ ಒಣಕೋಲನ್ನು ಪ್ಯಾಂಟಿಗೆ ಒರೆಸಿಕೊಂಡ.