ಪಕ್ಕದ ಸೀಟು

ದಾಳಿಂಬೆ ತೋಟಕ್ಕೆ ಗೊಬ್ಬರ ಸಾಗಿಸಲು, ಸಂಜೆ ಹೆಂಡತಿಯೊಡನೆ ಗುಡ್ಡ ಸುತ್ತಲು ಒಂದೇ ಗಾಡಿ ಸಾಕೆಂದು ಪ್ರಭುರಾಜ ಗಂಗಾವತಿಯಲ್ಲಿ ಗುಡ್ಡದ ದಾರಿಯಲ್ಲೂ ಓಡುವ ಹಳೆಯ ಮೋಟಾರು ಬಗ್ಗಿಯೊಂದನ್ನು ಆರಿಸಿದ. ಮುಂದೆ ಇಬ್ಬರು ಪಕ್ಕಪಕ್ಕ ಕೂರಬಹುದು, ಹಿಂದೆ ಸಾಮಾನು ತುಂಬಬಹುದು. ಹೆಂಡತಿ ಶೈಲಜಾ ಚಾಲಕನ ಪಕ್ಕದ ಸೀಟಿಗೆ ಹತ್ತಿ ಕೂತು ಸೀಟ್ ಬೆಲ್ಟ್ ಎಳೆದಳು. ಅರ್ಧವೇ ಕೈಗೆ ಬಂತು, ಯಾರೋ ಕೊಯ್ದಿದ್ದರು.

"ಇದನ್ಯಾಕ ಕೊಯ್ದಾರ್ರಿ?" ಎಂದು ಮಾರುವವನನ್ನು ಕೇಳಿದಳು.

ಅವನು ಕಣ್ಣು ತಪ್ಪಿಸಿದ. "ಕೂತವ್ರನ್ನ ಲಗೂನ ಹೊರಗ ತೆಗೀಬೇಕಾಗಿತ್ರಿ."

"ಇದು ಬ್ಯಾಡ್ರಿ, ಬ್ಯಾರೇದು ನೋಡೋಣ್ರಿ," ಎಂದಳು ಗಂಡನಿಗೆ.

"ಹೊಸಾ ಬೆಲ್ಟ್ ಹಾಕಿಸಿದ್ರ ಮುಗೀತು," ಎಂದ ಪ್ರಭುರಾಜ.

ಗಾಡಿ ಮನೆಗೆ ಬಂದ ಸಂಜೆ ಎಷ್ಟು ಕರೆದರೂ ಶೈಲಜಾ ಹತ್ತಲಿಲ್ಲ. ಅವನು ಮುನಿಸಿಕೊಂಡು ಅವಳು ಕೂರಬೇಕಿದ್ದ ಸೀಟಿಗೆ ಗೊಬ್ಬರದ ಚೀಲ ಕಟ್ಟಿ ಗುಡ್ಡ ಏರಿದ. ದೀಪ ಹಚ್ಚುವ ಹೊತ್ತಿಗೆ ನಡೆದುಕೊಂಡು ಮರಳಿದ. ಗಾಡಿ ಚೀಲವಿದ್ದ ಮಗ್ಗುಲಿಗೇ ಮಗುಚಿತ್ತು. ಅವನು ಬಹಳ ಹೊತ್ತು ಅವಳ ಕೈ ಬಿಡಲಿಲ್ಲ.