ಟೇಪು ಸುತ್ತಿದ ಮೈಕು

ನಮ್ಮಣ್ಣ ಯೇಸುವಿನ ಹಾಡುಗಳನ್ನು ಹಾಡುತ್ತ ಊರೂರು ತಿರುಗುವವನು. ಅವನ ಹಿಂದೆ ನಿಂತು ಎರಡನೇ ದನಿ ಹಾಡುವವಳು ನಾನು. ಸಭೆಯ ಬ್ಯಾನರ್ ಕಟ್ಟಲು ಅವನು ಏಣಿ ಹತ್ತುತ್ತಾನೆ, ನಾನು ಕೆಳಗೆ ಹಿಡಿದುಕೊಳ್ಳುತ್ತೇನೆ. ವ್ಯಾನ್ ಓಡಿಸುವವರು ನನ್ನ ಗಂಡ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

ಪ್ರತಿ ಸಭೆಯಲ್ಲೂ ಹಾಡು ಶುರುವಾಗುವ ಮುಂಚೆ ಮೈಕಿನ ಗುಂಡಿ ಆರಿಸಿ, ಅದನ್ನೇ ತುಟಿಗೆ ತಂದು ಪಿಸುದನಿಯಲ್ಲಿ ಪ್ರಾರ್ಥಿಸುವುದು ನನ್ನ ಅಭ್ಯಾಸ. ದೇವರಿಗೂ ಮೈಕು ಬೇಕೇನೆ ಎಂದು ಅಣ್ಣ ಗೇಲಿ ಮಾಡುತ್ತಿದ್ದ. ನನಗೆ ಬೇಕಾಗಿದ್ದದ್ದು ಮರೆ ಮಾತ್ರ. ವೇದಿಕೆಯ ಮೇಲೆ ತುಟಿ ಅಡಗಿಸಲು ಬೇರೆ ಜಾಗವೆಲ್ಲಿದೆ?

ಈ ಸಲ ಒಂದು ಮಧ್ಯಾಹ್ನದ ಸಭೆಯನ್ನು ಅಲ್ಲೇ ರೆಕಾರ್ಡ್ ಮಾಡಿ ಆಲ್ಬಮ್ ತರುವುದೆಂದು ಅಣ್ಣ ಹೊರಟ. ಯಾರಾದರೂ ಮರೆತು ಮೈಕು ಆರಿಸಿದರೆ ಕೆಲಸ ಕೆಟ್ಟಂತೆ ಎಂದು ಸೌಂಡಿನವರು ಎಲ್ಲ ಗುಂಡಿಗಳಿಗೂ ಕಪ್ಪು ಟೇಪು ಸುತ್ತಿಬಿಟ್ಟರು. ನನಗೆ ಇರಿಸುಮುರಿಸಾಯಿತು. ನೀವು ಹಾಡದೆ ಇದ್ದಾಗ ನಾನೇ ಇಲ್ಲಿಂದ ಮುಚ್ತೀನಮ್ಮ, ಹೊರಗೆ ಕೇಳಲ್ಲ ಎಂದರು. ಅದನ್ನು ನಂಬಿ ಎಂದಿನಂತೆ ಮೈಕಿಗೆ ತುಟಿ ಹಚ್ಚಿ ಪ್ರಾರ್ಥಿಸಿದೆ. ಪಾಪ, ಅವರು ಸುಳ್ಳು ಹೇಳಲಿಲ್ಲ. ಮುಚ್ಚಿದ್ದು ಸಭಾಂಗಣದ ಸ್ಪೀಕರಿಗೆ. ರೆಕಾರ್ಡಿಂಗ್ ಒಳಗೆ ಓಡುತ್ತಲೇ ಇತ್ತು. ಹನ್ನೊಂದು ವರ್ಷ ಮೈಕು ಹಿಡಿದವಳಿಗೆ ಅಷ್ಟು ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ, ದೊಡ್ಡ ಪ್ರವಾಸಕ್ಕೆ ಹತ್ತು ದಿನವಿರುವಾಗ, ನನ್ನ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಆದರೆ ಒಳಗೊಳಗೇ ನನಗೆ ಹಗುರವಾಗಿತ್ತು. ಇದನ್ನು ದೇವರೊಬ್ಬನಿಗೆ ಬಿಟ್ಟು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಗಂಡನಿಗೆ ಗೊತ್ತಾದರೆ ನನ್ನ ಮನೆ ಉಳಿಯುವುದಿಲ್ಲ ಎಂಬ ಭಯ ಸದಾ ಇತ್ತು.

ಆಲ್ಬಮ್ ಬಿಡುಗಡೆಯಾದ ದಿನ ಬೆಳಿಗ್ಗೆ ನಾವು ಮುಂದಿನ ಊರಿನ ದಾರಿಯಲ್ಲಿದ್ದೆವು. ಮುಂದಿನ ಸೀಟಿನಲ್ಲಿದ್ದ ಅಣ್ಣ ಹಿಂದೆ ತಿರುಗಿ, ಮೊದಲನೆಯದು ನಿನ್ನದೇ ಪುಟ್ಟಿ ಎಂದು ಹಲ್ಲು ಬಿಟ್ಟು, ಫೋನನ್ನು ವ್ಯಾನಿನ ಸ್ಪೀಕರಿಗೆ ಜೋಡಿಸಿದ. ವಾದ್ಯವಿಲ್ಲ, ಹಾಡಿಲ್ಲ. ನನ್ನ ಪಿಸುದನಿ.

"ಮಗು ಹೋಯ್ತು ಅಂದಾಗ ನನಗೆ ಹಗುರ ಆಯ್ತು ತಂದೆ. ಟೂರ್ ತಪ್ಪಲಿಲ್ಲ ಅಂತ ಸಂತೋಷ ಆಯ್ತು. ಕ್ಷಮಿಸು. ಅವರಿಗೆ ಮಾತ್ರ ಗೊತ್ತಾಗೋದು ಬೇಡ."

ಅದರ ಬೆನ್ನಿಗೇ ಚಪ್ಪಾಳೆ. ನೂರಾರು ಜನರ ಹಲ್ಲೆಲೂಯಾ. ಬೇರೆ ಯಾವುದೋ ಹಾಡಿಗೆ ಬಿದ್ದ ಚಪ್ಪಾಳೆಯನ್ನು ಅಣ್ಣ ಕತ್ತರಿಸಿ ತಂದು ನನ್ನ ಪಾಪಕ್ಕೆ ಅಂಟಿಸಿದ್ದ.

ಗಂಡ ಇಂಡಿಕೇಟರ್ ಹಾಕಿದರು. ಕನ್ನಡಿ ನೋಡಿ, ನಿಧಾನವಾಗಿ ರಸ್ತೆಯ ಅಂಚಿಗೆ ತಂದು ಎಂಜಿನ್ ಆರಿಸಿ ಇಳಿದು ಹೋದರು. ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಧಡಾರೆಂದು ಬಡಿದಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಅಣ್ಣನ ಮುಖ ಸಣ್ಣಗಾಯಿತು. ಆದರೂ ಬಿಡಲಿಲ್ಲ. ಇದು ಗುಟ್ಟಲ್ಲ ಕಣೇ, ಸಭೆಯ ಮುಂದೆ ಹೇಳೋ ಸಾಕ್ಷಿ. ಎಷ್ಟೋ ಹೆಣ್ಣುಮಕ್ಕಳ ಭಾರ ಇಳಿಯುತ್ತದೆ. ಹೆಸರಂತೂ ಎಲ್ಲೂ ಹಾಕಿಲ್ಲ ಎಂದ. ನಮ್ಮ ತಂಡದಲ್ಲಿ ಹಾಡುವ ಹೆಂಗಸು ನಾನೊಬ್ಬಳೇ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದ.

ನನ್ನನ್ನು ಹೆಗಲ ಮೇಲೆ ಹೊತ್ತು ಸಂಡೇ ಸ್ಕೂಲಿಗೆ ಒಯ್ದ ಅಣ್ಣ ಇವನೇ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಇಳಿದು ಹೋದೆ.

ಗಂಡ ವ್ಯಾನಿನ ಹಿಂದೆ ನಿಂತು, ಗಟ್ಟಿಯಾಗಿಯೇ ಇದ್ದ ಸಾಮಾನಿನ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು. ರೀ ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

"ಅಷ್ಟು ಜನಕ್ಕೆ ಹೇಳೋ ಮುಂಚೆ ನನಗೊಬ್ಬನಿಗೆ ಹೇಳ್ಬಹುದಿತ್ತು," ಎಂದರು. "ಅವರೆಲ್ಲ ಚಪ್ಪಾಳೆ ತಟ್ಟೋವಾಗ ನಾನು ಹೊರಗೆ ವ್ಯಾನ್ ಒರೆಸ್ತಾ ಇದ್ದೆ."

ಅಲ್ಲಿ ಯಾರಿಗೂ ಕೇಳಿಸಲಿಲ್ಲ, ಆ ಚಪ್ಪಾಳೆ ಅಣ್ಣ ಅಂಟಿಸಿದ್ದು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅಣ್ಣನ ಮೋಸ ಬಯಲಾಗುತ್ತಿತ್ತು. ಆದರೆ ಆ ಪಿಸುದನಿ ಅಂಟಿಸಿದ್ದಲ್ಲ, ನನ್ನದೇ. ಬಾಯಿ ಮುಚ್ಚಿಕೊಂಡು ಹಗ್ಗದ ಇನ್ನೊಂದು ತುದಿ ಹಿಡಿದೆ. ಅವರು ತಮ್ಮ ಕಡೆಯದನ್ನು ಕೈಬಿಟ್ಟರು.