ಪಿಲಾರಮ್ಮ ಕಲಿಸಿದ ಮಾತು

ಎಷ್ಟು ಚಿಕ್ಕ ಪಾದ, ನೀಲಿಗಟ್ಟಿದೆ, ಐದು ಬೆರಳೂ ಬಿಗಿಯಾಗಿ ಮಡಚಿಕೊಂಡಿವೆ, ಸೂಲಗಿತ್ತಿ ಕಾಳಮ್ಮ ಕೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುತ್ತಿದ್ದಾಳೆ, ಅಳುತ್ತಿಲ್ಲ, ಅಯ್ಯೋ ಶಿವನೇ ಅಳುತ್ತಿಲ್ಲ, ಆಸ್ಪತ್ರೆಯ ಜೀಪಿಗೆ ಹೇಳಿಕಳಿಸಿದ್ದಾಯಿತು, ಅದು ಬರುವ ತನಕ ಹೆರಿಗೆ ನೋವು ಕಾಯಬೇಕಲ್ಲ, ಮಂಚದ ಮೇಲಿಂದ ಪಿಲಾರಮ್ಮ ನನ್ನನ್ನೇ ನೋಡಿ ಕೇಳುತ್ತಿದ್ದಾಳೆ, ಯೆಗೋ? — ಬಂತಾ ಅಂತ, ಅವಳ ಸ್ಪೇನಿನ ಮಾತಿನಲ್ಲಿ ನನಗೆ ಗೊತ್ತಿರುವುದು ಅದೊಂದೇ, ಕೇಳುವಾಗಲೂ ಅದೇ, ಹೇಳುವಾಗಲೂ ಅದೇ, ದನಿ ಮಾತ್ರ ಬೇರೆ. ಕಲಿತದ್ದು ಬೇಲಿಯ ಹತ್ತಿರ, ನ್ಯೂ ಟೌನಿನ ನಮ್ಮಿಬ್ಬರ ಕ್ವಾರ್ಟರ್ಸಿನ ನಡುವೆ, ಸಂಜೆ ಉಕ್ಕಿನ ಕಾರ್ಖಾನೆಯ ಸೈರನ್ ಕೂಗಿದರೆ ಸಾಕು ಅವಳು ಅತ್ತ ನಾನು ಇತ್ತ, ಹೊಸ ಯಂತ್ರ ಕೂರಿಸಲು ಬಂದಿರುವ ಅವಳ ಗಂಡನ ಸೈಕಲ್ಲು ಗೇಟು ದಾಟಿದೊಡನೆ ಯೆಗೋ ಎನ್ನುವಳು, ಉಸಿರು ಬಿಡುವಳು, ಆಹಾ ಆ ಮುಖ. ನನ್ನದು ತವರು ದುರ್ಗಿಗುಡಿಯ ಬಾಯಿ, ಒಲೆ ಮುಂದೆ ಕೂತುಕೊಂಡೇ ಬಂದೆ ಬಂದೆ ಎನ್ನುವ ಜನ ನಾವು, ನಮ್ಮನೆಯವರು ಇನ್ನೂ ದೂರದ ತಿರುವಿನಲ್ಲಿರುವಾಗಲೇ ಯೆಗೋ ಎಂದುಬಿಟ್ಟೆ, ಅವಳು ಬೆರಳಾಡಿಸಿ ನೋ ನೋ ಎಂದಳು, ಅವರು ಗೇಟಿನೊಳಗೆ ಕಾಲಿಟ್ಟ ಮೇಲೆ ನನ್ನ ಕೈ ಹಿಡಿದು ತಾನೇ ಹೇಳಿಸಿದಳು, ಮೈ ಜುಮ್ಮೆಂದಿತು, ಏನು ಮಾತಪ್ಪ ಅದು, ಬಂದದ್ದು ಬಂದಾಯಿತು, ಇನ್ನು ಯಾರೂ ಹಿಂದಕ್ಕೆ ಕಳಿಸಲಾರರು ಎಂಬಂತೆ, ಕುಲುಮೆಯ ಬೆಂಕಿಯ ಮುಂದಿನಿಂದ ಮನುಷ್ಯ ಇಡಿಯಾಗಿ ಮನೆಗೆ ಬರುವುದನ್ನು ಅಷ್ಟು ವರ್ಷ ನಾನು ಕಣ್ಣಿಟ್ಟು ನೋಡಿಯೇ ಇರಲಿಲ್ಲ.

ತಟ್ಟೆ ತಗಂಡ್ಬಾ, ಕಂಚಿಂದು, ಕಿವಿ ಹತ್ರ ಬಡೀಬೇಕು, ಎದೆ ಝಲ್ ಅಂದ್ರೆ ಉಸ್ರು ತಗಳ್ತದೆ, ಏನ್ ನೋಡ್ತಾ ನಿಂತೆ ಮಾರಾಯ್ತಿ — ಕಾಳಮ್ಮ ನನ್ನ ಹೆರಿಗೆಗಳನ್ನೂ ಮಾಡಿಸಿದವಳು, ಹಾಗೇ ಗದರುತ್ತಾಳೆ — ಇಲ್ಲಿ ಪಿಲಾರಮ್ಮನ ಅಡಿಗೆಮನೆ ತುಂಬ ಪಿಂಗಾಣಿ, ಬಡಿದರೆ ಚೂರು, ಬೇಲಿ ನುಗ್ಗಿ ನಮ್ಮನೆಗೆ ಓಡಿದೆ, ಸೀರೆ ಹರಿಯಿತು, ನಮ್ಮನೆಯವರಿಗೆ ಬಡಿಸಿಟ್ಟ ಅನ್ನ ಸಾರು ನೆಲಕ್ಕೆ ಸುರಿದೆ, ಅನ್ನ ಚೆಲ್ಲಿದ್ರೆ ಶಿವ ಮುನೀತಾನೆ ಕಣೇ ಎನ್ನುತ್ತಿದ್ದಳು ಅವ್ವ, ಮುನಿಯಲಿ, ಆಮೇಲೆ ಕಾಲಿಗೆ ಬೀಳುತ್ತೇನೆ, ತವರಿನ ಕಂಚಿನ ತಟ್ಟೆ, ಸೌಟು, ವಾಪಸು ಓಡಿಬಂದು ಬಡಿಯುತ್ತಿದ್ದೇನೆ, ಢಣ್, ಪಿಲಾರಮ್ಮ ಹೆದರಿಹೋಗಿದ್ದಾಳೆ, ನನಗೆ ಹುಚ್ಚು ಹಿಡಿಯಿತು ಎಂದುಕೊಂಡಳೋ ಏನೋ, ಯೆಗೋ? ಯೆಗೋ? ಸಮಾಧಾನಕ್ಕಾದರೂ ಹೂಂ ಎನ್ನಲೇ, ಮಗು ಹೊರಗೆ ಬಂದಿದೆಯಲ್ಲ, ಬೇಡ, ಆ ಮಾತನ್ನು ಸುಳ್ಳಿಗೆ ಆಡಲಾರೆ, ಬಾಯೊಳಗೆ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು, ಢಣ್, ಬಾರೇ ತಾಯಿ, ಅಮ್ಮನ ಹೊಟ್ಟೆಯೊಳಗೆ ಸಮುದ್ರವನ್ನೇ ದಾಟಿದವಳು ಇಷ್ಟು ಹತ್ತಿರ ಬಂದು ನಿಲ್ಲಬೇಡ, ಢಣ್ — ಕಾಲು ಅಲುಗಿತೇ, ಇಲ್ಲ, ಹೌದು, ಒಂದು ಬೆರಳು, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಕಿರ್ ಎಂದಿತು, ಆಮೇಲೆ ಸೂರು ಹಾರಿಹೋಗುವಂಥ ಅಳು, ಈಗಷ್ಟೇ ಯಾರೂ ಇರಲಿಲ್ಲ, ಈಗ ಒಬ್ಬಳಿದ್ದಾಳೆ, ಎಲ್ಲಿಂದ, ಶಿವನೇ, ಎಲ್ಲಿಂದ, ಯೆಗೋ, ಕೂಗುತ್ತಿದ್ದೇನೆ, ಯೆಗೋ, ಪಿಲಾರಮ್ಮ ಅಳುತ್ತಾ ನಗುತ್ತಾ ನನ್ನ ಸೆರಗು ಹಿಡಿದೆಳೆಯುತ್ತಿದ್ದಾಳೆ, ಸಾಕು ಬಿಡೇ, ಕೂಸು ಹೆದರ್ತದೆ, ಇಡು ಆ ತಟ್ಟೇನ, ಕಾಳಮ್ಮ ಗದರುತ್ತಿದ್ದಾಳೆ, ಕೈ ಕೇಳುತ್ತಿಲ್ಲ, ಕಣ್ಣು ಆ ಪಾದ ಬಿಟ್ಟು ಕದಲುತ್ತಿಲ್ಲ, ನೀಲಿ ಇಳಿಯುತ್ತಿದೆ, ಕೆಂಪೇರುತ್ತಿದೆ, ಬೆರಳು, ಒಂದೊಂದೇ ಬೆರಳು, ಐದೂ ಬೆರಳು ಬಿಚ್ಚಿಕೊಂಡವು.